ಮೊದಲ ದೊನ್ನೆ

ಎಡತೊರೆಯಲ್ಲಿ ಶುರುಮಾಡಿ, ಬೆಟ್ಟದಪುರ, ಪಿರಿಯಾಪಟ್ಟಣ, ಕೊಪ್ಪ ನೋಡಿಕೊಂಡು ಹುಣಸೂರಿಗೆ ಹಿಂದಿರುಗಿ, ಅಲ್ಲಿಂದ ಗುರುಪುರದ ಮೇಲೆ ಹೆಗ್ಗಡದೇವನಕೋಟೆ ಸೇರುವುದು. ಜವರಯ್ಯನ ಗಾಡಿ ಪ್ರತಿ ಪುಷ್ಯಮಾಸದಲ್ಲೂ ಹಿಡಿಯುವ ದಾರಿ ಇದು. ಅವಸರಪಟ್ಟರೆ ಆರು ದಿನಕ್ಕೆ ಮುಗಿಯುವಂಥದು, ಅವನಿಗೆ ಹದಿನೈದು ದಿನ ಹಿಡಿಯುತ್ತಿತ್ತು. ಹೆಂಡ ನೋಡುವವನು ಅವಸರಪಡಬಾರದು. ಚಳಿಗೆ ನಡುಗಿದ ಮರದಿಂದ ಬೆಳಗಿನ ಜಾವ ಇಳಿಸಿದ ಗಡಿಗೆಯಲ್ಲಷ್ಟೇ ತೋಪಿನ ನಿಜವಾದ ಗುಣ ಇರುವುದು. ಬಿಸಿಲೇರಿದರೆ ಎಲ್ಲ ತೋಪಿನದೂ ಒಂದೇ ಹುಳಿ. ಹಾಗಾಗಿ ದಿನಕ್ಕೆ ಒಂದೇ ತೋಪು. ಮಿಕ್ಕ ಹೊತ್ತೆಲ್ಲ ಎತ್ತು ನಡೆದಷ್ಟು ದೂರ, ಎತ್ತು ನಿಂತಲ್ಲಿ ನೆರಳು.

ಹುಣಸೂರಿನ ಗುತ್ತಿಗೆದಾರ ಕಂಠಪ್ಪ ಆ ಸೀಮೆಯಲ್ಲೆಲ್ಲ ಹೆಂಡದಂಗಡಿ ಹಿಡಿದಿದ್ದ. ಅಂಗಡಿಗಳಿಗೆ ಯಾವ ಯಾವ ಈಚಲುತೋಪಿನ ಹೆಂಡ ಬೇಕು ಅನ್ನುವುದನ್ನು ಅವನು ಹನ್ನೆರಡು ವರ್ಷದಿಂದ ಜವರಯ್ಯನ ಬಾಯಿಗೆ ಬಿಟ್ಟಿದ್ದ. ಜವರಯ್ಯ ಒಪ್ಪಿದ ತೋಪಿನ ಮೊದಲ ಮರಕ್ಕೆ ಒಂದು ಸುಣ್ಣದ ಬೊಟ್ಟು ಬೀಳುತ್ತಿತ್ತು. ಬೊಟ್ಟು ಬಿತ್ತೆಂದರೆ ಆ ತೋಪಿನಲ್ಲಿ ಮರ ಹತ್ತುವವರಿಗೆ ವರ್ಷವಿಡೀ ಕೆಲಸ. ಬೀಳದಿದ್ದರೆ ಅವರು ಸೊಂಟದ ಕತ್ತಿ ಬಿಚ್ಚಿಟ್ಟು ಇನ್ನೊಬ್ಬರ ಹೊಲಕ್ಕೆ ಕೂಲಿ ಹೋಗಬೇಕು. ದಾರಿಯುದ್ದಕ್ಕೂ ಅವನನ್ನು ನಾಲಿಗೆ ಜವರಯ್ಯ ಅನ್ನುತ್ತಿದ್ದರು.

ಆ ನಾಲಿಗೆಗೆ ಒಂದು ನೇಮವಿತ್ತು. ಗಾಡಿ ಕಟ್ಟಿದ ದಿನದಿಂದ ಕೆಲಸ ಮುಗಿಯುವ ತನಕ ಮೆಣಸಿನಕಾಯಿ ಇಲ್ಲ, ಉಪ್ಪಿನಕಾಯಿ ಇಲ್ಲ, ಎಲೆ ಅಡಿಕೆಯಂತೂ ಇಲ್ಲವೇ ಇಲ್ಲ. ಮುದ್ದೆ, ಬೇಯಿಸಿದ ಕಾಳು, ಮಜ್ಜಿಗೆ, ಅಷ್ಟೆ. ತೋಪಿನವರಿಗೂ ಒಂದು ನೇಮವಿತ್ತು. ಗಡಿಗೆ ಇಳಿದ ಕೂಡಲೇ ಮುತ್ತುಗದ ಎಲೆಯ ಮೊದಲ ದೊನ್ನೆ ಅವನ ಕೈಗೆ ಬರಬೇಕು. ಅವನು ಕುಡಿದು ಬಾಯಿಬಿಡುವ ತನಕ ಬೇರೆ ಯಾರೂ ತುಟಿಗೆ ತಾಗಿಸುವಂತಿಲ್ಲ. ಹತ್ತು ಹನ್ನೆರಡು ಜನ ಉಸಿರು ಹಿಡಿದು ಅವನ ಗಂಟಲನ್ನೇ ನೋಡುತ್ತ ನಿಲ್ಲುತ್ತಿದ್ದ ಆ ಮೌನ ಜವರಯ್ಯನಿಗೆ ಹೆಂಡಕ್ಕಿಂತ ಹೆಚ್ಚು ಏರುತ್ತಿತ್ತು. ರುಚಿ ತಿಳಿದ ಮೇಲೂ ಅವನು ಸುಮ್ಮನೆ ಒಂದಿಷ್ಟು ಹೊತ್ತು ನಿಲ್ಲುವುದಿತ್ತು.

ಊರಿಗೆ ಊರೇ ಜ್ವರದಲ್ಲಿ ಮಲಗಿದ ಆ ವರ್ಷ ಅವನೂ ಮಲಗಿದ. ಎದ್ದಾಗ ಬಾಯಿ ಸತ್ತುಹೋಗಿತ್ತು. ತಣ್ಣಗಿದ್ದದ್ದು ತಣ್ಣಗೆ, ಬಿಸಿಯಾದದ್ದು ಬಿಸಿಯಾಗಿ ತಿಳಿಯುತ್ತಿತ್ತು. ಖಾರ ಉರಿಯುತ್ತಿತ್ತು. ರುಚಿ ಮಾತ್ರ ಎಲ್ಲಿಯೂ ಇರಲಿಲ್ಲ. ಬೆಲ್ಲವೂ ಮಣ್ಣು, ಹುಣಿಸೆಯೂ ಮಣ್ಣು. ತಿಂಗಳಿಗೆ ಸರಿಹೋದೀತು ಅಂದುಕೊಂಡ. ಎರಡು ವರ್ಷವಾಗುತ್ತ ಬಂತು. ಯಾರಿಗೂ ಹೇಳಲಿಲ್ಲ. ಹೋದ ವರ್ಷದ ಸುತ್ತನ್ನು ನೆನಪಿನ ಮೇಲೇ ಮುಗಿಸಿದ್ದ. ಹಿಂದೆ ಬೊಟ್ಟು ಇಟ್ಟ ತೋಪಿಗೇ ಮತ್ತೆ ಬೊಟ್ಟು ಇಟ್ಟಿದ್ದ. ಪಿರಿಯಾಪಟ್ಟಣದ ಅಂಗಡಿಯವರು ಹೆಂಡ ಕೆಸರು ನಾರುತ್ತದೆ ಅಂದರು. ಕಂಠಪ್ಪ ಮಳೆಯನ್ನು ಬೈದು ಸುಮ್ಮನಾದ.

ಹೆಂಡತಿ ಚೆಲುವಮ್ಮನಿಗೂ ಗೊತ್ತಾಗದಂತೆ ನಡೆಸಿಕೊಂಡು ಬಂದಿದ್ದ. ಅವಳು ದಿನಾ ಮುದ್ದೆ ಇಕ್ಕುತ್ತ ಉಪ್ಪು ಸರಿಯಾಗಿದೆಯಾ ಅನ್ನುವವಳು, ಎರಡು ತಿಂಗಳ ಹಿಂದೆ ಇದ್ದಕ್ಕಿದ್ದಂತೆ ಕೇಳುವುದನ್ನು ಬಿಟ್ಟಳು. ಅವಳು ನಂಬಿದಳು ಅಂದುಕೊಂಡು ಜವರಯ್ಯ ಹಗುರಾಗಿದ್ದ.

ಈ ಸಲ ಗಾಡಿ ಕಟ್ಟುವಾಗ ಅವಳು ಬಾಗಿಲಲ್ಲಿ ನಿಂತು, "ಒಬ್ಬರೇ ಓಗ್‌ಬ್ಯಾಡಿ. ಜ್ವರ ತಿಂದ ಮೈ. ನಮ್ ಚಾಮುನ್ನ ಕರ್ಕೊಂಡೋಗಿ," ಅಂದಳು.

"ಅವನ್ಯಾಕೆ? ಅವನಿಗೇನು ಗೊತ್ತಾಯ್ತದೆ?"

"ಎತ್ತಿಗೆ ನೀರು ತೋರ್ಸಾಕಾದ್ರೂ ಆಗ್ಲಿ."

ಚಾಮಯ್ಯ ಅವಳ ತಮ್ಮ. ಮೂವತ್ತರ ಮೇಲಾಗಿತ್ತು. ನಾಲ್ಕು ಎಕರೆ ಹೊಲ, ನಗುವ ಬಾಯಿ, ಎಲ್ಲಿ ಕೂತರೂ ಜನ ಸುತ್ತ ಕೂರುವಂಥ ಮಾತು. ಗಾಡಿಯ ಮೂಕಿಯ ಮೇಲೆ ಕೂತು ಹಗ್ಗ ಹಿಡಿದವನು ಊರ ಗಡಿ ದಾಟುವ ಮೊದಲೇ ಎತ್ತುಗಳ ಜೊತೆ ಮಾತಿಗೆ ಬಿದ್ದ. ಜವರಯ್ಯ ಹನ್ನೆರಡು ವರ್ಷದಿಂದ ಒಂದು ಮಾತೂ ಆಡದೆ ಓಡಿಸಿದ ಎತ್ತುಗಳು ಕಿವಿ ನಿಮಿರಿಸಿ ಕೇಳಿದವು.

ಎಡತೊರೆಯ ಆಚೆ ಮೊದಲನೆಯ ತೋಪು. ಅಲ್ಲಿ ಮರ ಹತ್ತುವ ಸಣ್ಣಯ್ಯ ಜವರಯ್ಯನಿಗೆ ಹಳಬ. ಗಡಿಗೆ ಇಳಿಸಿ, ದೊನ್ನೆ ತುಂಬಿ, ಎರಡೂ ಕೈಯಲ್ಲಿ ಹಿಡಿದು ಬಂದ. ಜವರಯ್ಯ ಕೈ ಚಾಚುವಷ್ಟರಲ್ಲಿ ಚಾಮಯ್ಯ ನಡುವೆ ಕೈ ಹಾಕಿದ.

"ಬಾವ ಬಿಸ್ಲಿಗೆ ದಣ್‌ದವ್ರೆ. ಮೊದ್ಲು ನಾನೊಂದು ಗುಟುಕು ನೋಡ್ಬುಡ್ತೀನಿ ತಡಿ."

ಬಿಸಿಲೇ ಇರಲಿಲ್ಲ. ಮಂಜು ಇನ್ನೂ ಗರಿಗಳಿಂದ ತೊಟ್ಟಿಕ್ಕುತ್ತಿತ್ತು. ಸಣ್ಣಯ್ಯ ಏನು ಮಾಡಬೇಕೆಂದು ತಿಳಿಯದೆ ಜವರಯ್ಯನ ಮುಖ ನೋಡಿದ. ಅಷ್ಟರಲ್ಲಿ ಚಾಮಯ್ಯ ಕುಡಿದಾಗಿತ್ತು. ಕುಡಿದು ಸುಮ್ಮನಿರಲೂ ಇಲ್ಲ.

"ಕೆರೆ ಕೋಡಿ ನೀರು ಬೇರಿಗೆ ತಾಗ್ತದಲ್ವಾ ಸಣ್ಣಯ್ಯ? ನಾಲ್ಗೆ ತುದೀಲಿ ಸೀ ಇದ್ರೂ ಗಂಟ್ಲಾಗೆ ಜೊಂಡಿನ ವಾಸ್ನೆ ಬತ್ತದೆ. ಗಡಿಗೆ ಒಳಕ್ಕೆ ಸುಣ್ಣ ಚೆನ್ನಾಗಿ ಬಳ್ದಿದ್ದೀಯ, ಹುಳಿ ಒಂಚೂರೂ ಇಲ್ಲ. ಅಲ್ವಾ ಬಾವ?"

ಎರಡನೆಯ ದೊನ್ನೆ ಜವರಯ್ಯನಿಗೆ ಬಂತು. ತಣ್ಣಗೆ ಒಳಗಿಳಿಯಿತು, ಮತ್ತೇನೂ ಇಲ್ಲ. ಅವನು ಕಣ್ಣು ಮುಚ್ಚಿ, ಇಷ್ಟು ಹೊತ್ತು ನಿಂತು, "ಜೊಂಡು. ಆದ್ರೂ ನಡೀತದೆ," ಅಂದ. ಸಣ್ಣಯ್ಯ ತಲೆದೂಗಿದ. ಆದರೆ ಆ ತಲೆದೂಗುವಿಕೆಯಲ್ಲಿ ಹಳೆಯ ಭಯ ಇರಲಿಲ್ಲ. ಅವನು ಆಗಲೇ ಒಂದು ಸಲ ತಲೆದೂಗಿಯಾಗಿತ್ತು, ಚಾಮಯ್ಯನಿಗೆ.

ಜವರಯ್ಯ ಮೊದಲ ಮರಕ್ಕೆ ಬೊಟ್ಟು ಇಟ್ಟ. ಬಾಮೈದನ ಮಾತು ಈ ಹೊತ್ತು ತನ್ನನ್ನು ಕಾಯಿತು ಅನ್ನುವುದು ಅವನಿಗೆ ತಿಳಿದೇ ಇತ್ತು. ಸಿಟ್ಟು ಬಂದದ್ದೂ ಅದಕ್ಕೇ.

ಅಲ್ಲಿಂದ ಮುಂದೆ ಪ್ರತಿ ತೋಪಿನಲ್ಲೂ ಅದೇ ನಡೆಯಿತು. ಎತ್ತಿಗೆ ಹುಲ್ಲು ಹಾಕಿ ಬರುತ್ತೇನೆ ಅಂದವನು ಗಡಿಗೆ ಇಳಿಯುವ ಹೊತ್ತಿಗೆ ಮರದ ಬುಡದಲ್ಲಿರುತ್ತಿದ್ದ. ಬಾಯಾರಿಕೆ ಅನ್ನುವನು, ನಾನು ನೋಡೇ ಇಲ್ಲವಲ್ಲ ಈ ತೋಪಿನದು ಅನ್ನುವನು, ಏನೋ ಒಂದು ನೆಪ. ಮೊದಲ ದೊನ್ನೆ ಅವನ ಕೈಗೆ. ಕುಡಿದು ರುಚಿಯನ್ನು ಬಿಡಿಸಿ ಬಿಡಿಸಿ, ಎಲ್ಲರಿಗೂ ಕೇಳುವಂತೆ ಹೇಳುವನು. ಬೆಟ್ಟದಪುರದ ಬೆಟ್ಟದ ಬುಡದ ತೋಪಿನದು ಕಲ್ಲುಸಕ್ಕರೆ ಕಚ್ಚಿದ ಹಾಗೆ ಅಂದ. ನೊರಜುಗಲ್ಲಿನ ನೆಲ, ಬೇರು ನೀರಿಗೆ ಹೆಣಗಿದಷ್ಟೂ ಸಿಹಿ ಗಟ್ಟಿ ಅಂದ. ಪಿರಿಯಾಪಟ್ಟಣದಲ್ಲಿ ಎರಡನೆಯ ಗುಟುಕಿಗೇ ಮುಖ ಕಿವುಚಿ, "ಬಾವ, ಇದಕ್ಕೆ ಕೆಸರು ಬಂದ್ಬುಟ್ಟದೆ. ಹಳ್ಳ ತಿರುಗ್ಸವ್ರೆ ತೋಪಿಗೆ," ಅಂದ. ಜವರಯ್ಯ ಅಲ್ಲಿ ಬೊಟ್ಟು ಇಡಲಿಲ್ಲ. ಹೋದ ವರ್ಷ ಇಟ್ಟ ಬೊಟ್ಟು ಮರದ ಮೇಲೆ ಇನ್ನೂ ಮಾಸದೆ ಇತ್ತು. ಅವನು ಅದರ ಕಡೆ ಬೆನ್ನು ಹಾಕಿ ನಿಂತ.

ಹಾದಿಯಲ್ಲಿ ಇಬ್ಬರೂ ಹೊಂದಿಕೊಂಡೇ ಇದ್ದರು. ಕೆರೆ ಕಂಡಲ್ಲಿ ಎತ್ತು ತೊಳೆದರು, ತಾವೂ ಮಿಂದರು. ಹುಣಿಸೆ ಮರದ ಕೆಳಗೆ ಮೂರು ಕಲ್ಲು ಹೂಡಿ ಮುದ್ದೆ ತಿರುವಿದರು. ಅವರೆ ಹೊಲದ ಬದುವಿನಲ್ಲಿ ಗಾಡಿ ನಿಂತಾಗ ಚಾಮಯ್ಯ ಎರಡು ಕಾಯಿ ಕಿತ್ತು ಮೂಸಿ, "ಸೊಗಡು ನೋಡಿ ಬಾವ," ಅಂತ ಮುಖದ ಹತ್ತಿರ ಹಿಡಿದು, ತಕ್ಷಣ ಏನೋ ತಪ್ಪು ಮಾಡಿದವನಂತೆ ಕೈ ಹಿಂದಕ್ಕೆ ತೆಗೆದುಕೊಂಡ. ಜವರಯ್ಯ ಅದನ್ನು ಗಮನಿಸಿದರೂ ಅದರ ಅರ್ಥ ಹುಡುಕಲಿಲ್ಲ. ಅವನು ಬೇರೆ ಲೆಕ್ಕದಲ್ಲಿದ್ದ. ಚಾಮಯ್ಯ ಊಟ ಮಾಡುವುದನ್ನು ಅವನು ಕದ್ದು ನೋಡುತ್ತಿದ್ದ. ಉಪ್ಪು ಕಾಳು ಬಿಟ್ಟರೆ ಏನೂ ಇಲ್ಲದ ಆ ಮುದ್ದೆಯನ್ನೂ ಅವನು ಎಷ್ಟು ಸುಖವಾಗಿ ನುಂಗುತ್ತಿದ್ದ. ಮಜ್ಜಿಗೆ ಕುಡಿದು ತುಟಿ ಒರೆಸಿಕೊಳ್ಳುವಾಗ ಕಣ್ಣು ಅರೆ ಮುಚ್ಚುತ್ತಿದ್ದ. ಆ ಕಣ್ಣಿನೊಳಗೆ ಏನಾಗುತ್ತಿದೆ ಅನ್ನುವುದು ಜವರಯ್ಯನಿಗೆ ನೆನಪಿತ್ತು. ಹೊಟ್ಟೆಯಲ್ಲಿ ಕೆಂಡ ಬಿದ್ದ ಹಾಗಾಗುತ್ತಿತ್ತು. ಇನ್ನೊಬ್ಬನ ಹೊಲ, ಹಣ, ಹೆಂಡತಿ ಕಂಡು ಕರುಬುವವರನ್ನು ಅವನು ನೋಡಿದ್ದ. ಇನ್ನೊಬ್ಬನ ಬಾಯಿ ಕಂಡು ಕರುಬುವುದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಕೊಪ್ಪದಲ್ಲಿ, ಹೊಳೆ ದಂಡೆಯ ತೋಪಿನಲ್ಲಿ, ಅದು ಮೇರೆ ಮೀರಿತು. ಆಚೆ ದಡದಿಂದ ಕೊಡಗಿನವರೂ ನಾಲ್ಕು ಜನ ಬಂದಿದ್ದರು. ಗಾಡಿ ನಿಲ್ಲುವ ಮೊದಲೇ ತೋಪಿನವನೊಬ್ಬ ದೊನ್ನೆ ಹಿಡಿದು ಓಡಿ ಬಂದ. ಜವರಯ್ಯನನ್ನು ದಾಟಿ ಮೂಕಿಯ ಹತ್ತಿರ ಹೋದ.

"ನಾಲ್ಗೆಯವ್ರೇ, ತಕ್ಕಳಿ. ಬೆಟ್ಟದಪುರದಿಂದ್ಲೇ ಸುದ್ದಿ ಬಂದದೆ ನಿಮ್ದು."

ಚಾಮಯ್ಯನ ಮುಖ ಕೆಂಪಾಯಿತು. "ಲೇ, ನಾಲ್ಗೆಯವ್ರು ಅಲ್ಲಿ ಕುಂತವ್ರೆ ಕಣ್ಲಾ. ನಾನು ಗಾಡಿ ಹೊಡ್ಯೋನು," ಅಂದ. ಎಲ್ಲರೂ ನಕ್ಕರು. ನಗುತ್ತಲೇ ದೊನ್ನೆ ಅವನ ಕೈಗೇ ಕೊಟ್ಟರು. ಅವನು ಕುಡಿದ.

ಅಂದಿನಿಂದ ಜವರಯ್ಯನ ತಲೆಯಲ್ಲಿ ಒಂದೇ ಮಾತು ತಿರುಗತೊಡಗಿತು. ಹೆಗ್ಗಡದೇವನಕೋಟೆಯ ಹತ್ತಿರ, ಕಪಿಲೆ ಹೊಳೆಯ ದಂಡೆಯಲ್ಲಿ ಕೊನೆಯ ತೋಪು. ಆ ಒಂದು ತೋಪಿಗೆ ಕಂಠಪ್ಪ ಪ್ರತಿ ವರ್ಷ ತಾನೇ ಬಂದು, ಜವರಯ್ಯ ಹೇಳುವುದನ್ನು ಕಿವಿಯಾರೆ ಕೇಳುತ್ತಿದ್ದ. ಅವನೆದುರು ಚಾಮಯ್ಯ ಮೊದಲ ದೊನ್ನೆ ಎತ್ತಿ ಬಾಯಿಬಿಟ್ಟರೆ ಮುಗಿಯಿತು. ಮುಂದಿನ ವರ್ಷ ಸುಣ್ಣದ ಡಬ್ಬಿ ಚಾಮಯ್ಯನ ಸೊಂಟದಲ್ಲಿರುತ್ತದೆ. ತಾನು ಎತ್ತಿಗೆ ನೀರು ತೋರಿಸುತ್ತಿರಬೇಕು. ಆ ತೋಪಂತೂ ತನಗೆ ಮನೆಯ ಹಿತ್ತಲಿದ್ದ ಹಾಗೆ. ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಕೆಟ್ಟದ್ದಲ್ಲ. ಅಲ್ಲಿ ತನಗೆ ನಾಲಿಗೆ ಬೇಕಿಲ್ಲ, ಚಾಮಯ್ಯನ ನಾಲಿಗೆಯಂತೂ ಬೇಡವೇ ಬೇಡ.

ಗುರುಪುರದಲ್ಲಿ ಬೀರಮ್ಮನ ಮನೆಯ ಜಗುಲಿಯಲ್ಲಿ ಇಳಿದರು. ಅವಳ ಗಂಡ ಅಲ್ಲಿನ ತೋಪಿನಲ್ಲಿ ಮರ ಹತ್ತುವವನು. ಬೆಳಗ್ಗೆ ಆ ತೋಪಿಗೂ ಬೊಟ್ಟು ಬಿದ್ದಿತ್ತು, ಎಂದಿನಂತೆ ಚಾಮಯ್ಯನ ಮಾತಿನ ಮೇಲೆ. ಬೀರಮ್ಮ ಆ ಸಂತೋಷಕ್ಕೆ ಹುರುಳಿಕಾಳಿನ ಬಸ್ಸಾರು ಮಾಡಿದ್ದಳು. ಖಾರದ ಹಬೆ ಜಗುಲಿಯ ತನಕ ಬರುತ್ತಿತ್ತು. ಚಾಮಯ್ಯ ಸಾರಿನ ಮಡಕೆ ನೋಡಿ ನಿಟ್ಟುಸಿರು ಬಿಟ್ಟ.

"ಬ್ಯಾಡ ಕಣಕ್ಕ. ನಮ್ದು ನೇಮ."

"ನೇಮ ಮುಗೀತು ಬುಡು," ಅಂದ ಜವರಯ್ಯ. ಮಾತು ಎಷ್ಟು ಸಲೀಸಾಗಿ ಬಂತೆಂದು ಅವನಿಗೇ ಆಶ್ಚರ್ಯವಾಯಿತು. "ಇನ್ನ ತೋಪಿಲ್ಲ. ಕೋಟೆಗೆ ಹೋಗಿ ಯಜಮಾನ್ರುನ್ನ ಕಂಡು ತಿರುಗಾದು. ಉಣ್ಣು."

ಚಾಮಯ್ಯನಿಗೆ ಭಾವ ಹೇಳಿದ ಮೇಲೆ ಮುಗಿಯಿತು. ಮೂರು ಮುದ್ದೆ ಉಂಡ. ಬೀರಮ್ಮ ಎಲೆ ಅಡಿಕೆ ತಟ್ಟೆ ತಂದಿಟ್ಟಳು. ಹದಿಮೂರು ದಿನದಿಂದ ಎಲೆ ಕಾಣದವನ ಕಣ್ಣು ತಟ್ಟೆಯ ಮೇಲೆ ಬಿತ್ತು.

"ನಾನೇ ಮಡಿಸ್ಕೊಡ್ತೀನಿ ತಡಿ," ಅಂದ ಜವರಯ್ಯ.

ಅವನು ಸೊಂಟದಿಂದ ತನ್ನ ಡಬ್ಬಿ ತೆಗೆದ. ಮರಕ್ಕೆ ಬೊಟ್ಟಿಡುವ ಸುಣ್ಣ, ಹಸಿ ಸುಣ್ಣ, ಎಲೆಗೆ ಹಚ್ಚುವಂಥದಲ್ಲ. ಎಲೆಯ ಬೆನ್ನಿಗೆ ಅದನ್ನು ದಪ್ಪಗೆ ಸವರಿ, ಮೇಲೆ ಅಡಿಕೆ ಇಟ್ಟು, ಇನ್ನೊಂದು ಎಲೆ ಮುಚ್ಚಿ ಮಡಿಸಿದ. ಚಾಮಯ್ಯ ಎರಡೂ ಕೈಯೊಡ್ಡಿ ತೆಗೆದುಕೊಂಡು ಬಾಯಿಗೆ ಹಾಕಿಕೊಂಡ. ನಾಲ್ಕು ಸಲ ಅಗಿದವನು ತಟ್ಟನೆ ನಿಲ್ಲಿಸಿದ. ಜಗುಲಿಯಿಂದ ಹಾರಿ ಬೀದಿಗೆ ಉಗುಳಿದ. ಬೀರಮ್ಮ ಚೊಂಬು ತಂದಳು, ತೆಂಗಿನಕಾಯಿ ಚೂರು ತಂದಳು. ನಾಲಿಗೆಯ ಮೇಲೆ ಬಿಳಿಯ ಪೊರೆ ಎದ್ದಿತ್ತು.

"ಸುಣ್ಣ ಜಾಸ್ತಿ ಆಯ್ತೇನೋ," ಅಂದ ಜವರಯ್ಯ.

ಚಾಮಯ್ಯ ಕೈಯಾಡಿಸಿ ಪರವಾಗಿಲ್ಲ ಅಂದ. ಮಾತು ಹೊರಡುತ್ತಿರಲಿಲ್ಲ.

ಮಾರನೆಯ ದಿನವೆಲ್ಲ ಗಾಡಿ ಕಾಡಂಚಿನ ದಾರಿಯಲ್ಲಿ ಹೋಯಿತು. ಚಾಮಯ್ಯ ಎತ್ತುಗಳ ಜೊತೆ ಮಾತಾಡಲಿಲ್ಲ. ಜವರಯ್ಯನಿಗೆ ಬೇಕಾಗಿದ್ದ ಮೌನ ಸಿಕ್ಕಿತ್ತು. ಆದರೆ ಅದು ತೋಪಿನ ಮೌನದಂತಿರಲಿಲ್ಲ. ಅವನು ಮೂರು ಸಲ ಮಜ್ಜಿಗೆಯ ಗಡಿಗೆಯನ್ನು ಮುಂದಕ್ಕೆ ತಳ್ಳಿದ. ಮೂರು ಸಲವೂ ಚಾಮಯ್ಯ ಕುಡಿದು, ಕಣ್ಣಲ್ಲಿ ನೀರು ತುಂಬಿಕೊಂಡು ಗಡಿಗೆ ಹಿಂದಿರುಗಿಸಿದ.

ಹದಿನೈದನೆಯ ಬೆಳಗ್ಗೆ ಕಪಿಲೆಯ ದಂಡೆಯಲ್ಲಿ ಗಾಡಿ ನಿಂತಿತು. ಈಚಲ ಸಾಲು ಕಂಡ ಕೂಡಲೇ ಚಾಮಯ್ಯ ಹಿಂದಿರುಗಿ ನೋಡಿದ.

"ಇಲ್ಲೂ ತೋಪದೆಯಲ್ಲ ಬಾವ," ಅಂದ. ಮಾತು ತೊದಲಿತು.

ಜವರಯ್ಯ ಇಳಿದು ಮುಂದೆ ಹೋದ.

ಕಂಠಪ್ಪ ಕರಿ ಕೋಟು ತೊಟ್ಟು, ಕಂಬಳಿಯ ಮೇಲೆ ಕೂತಿದ್ದ. ಮುಂದೆ ಒಂದರ ಬದಲು ಎರಡು ಗಡಿಗೆಗಳಿದ್ದವು.

"ಬಾರಯ್ಯ ಜವರಯ್ಯ. ಈ ಸಲ ನಿನ್ಗೊಂದು ಆಟ ಕಟ್ಟಿದೀನಿ," ಅಂದ. "ಹೊಳೆ ಆಚೆ ಹೊಸ ತೋಪೊಂದು ಬಂದದೆ. ಒಂದು ಗಡಿಗೆ ಅದ್ರದ್ದು, ಒಂದು ನಮ್ಮ ಹಳೇದು. ಯಾವುದು ಯಾವುದು ಅಂತ ನಾನು ಹೇಳಾಕಿಲ್ಲ. ನಿನ್ನ ನಾಲ್ಗೆ ಹೇಳ್ಲಿ. ಯಾವುದು ಚೆಂದಾಗದೋ ಅದೊಂದನ್ನೇ ಹಿಡಿಯೋದು."

ಸುತ್ತ ಎರಡೂ ತೋಪಿನ ಜನ. ಹಳೆಯ ತೋಪಿನವರು ಎಡಕ್ಕೆ, ಹೊಸಬರು ಬಲಕ್ಕೆ. ಎಲ್ಲರ ಸೊಂಟದಲ್ಲೂ ಕತ್ತಿ, ಎಲ್ಲರ ಕಣ್ಣೂ ಅವನ ಗಂಟಲ ಮೇಲೆ. ಮೊದಲ ದೊನ್ನೆ ಬಂತು. ಅದು ನೇರವಾಗಿ ಜವರಯ್ಯನ ಕಡೆಗೇ ಬಂತು. ಹದಿನೈದು ದಿನದಿಂದ ಬಯಸಿದ್ದು.

ಹಿಂದಿನಿಂದ ಚಾಮಯ್ಯನ ಕೈ ಬಂದು ಅದನ್ನು ತೆಗೆದುಕೊಂಡಿತು. ಅವನು ಕುಡಿದ. ಎರಡನೆಯ ಗಡಿಗೆಯದನ್ನೂ ಕುಡಿದ. ಮುಖ ನೋವಿಗೆ ಸೊಟ್ಟಗಾಯಿತು. ಬಾಯಿಬಿಡಲಿಲ್ಲ. ಭಾವನ ರೆಟ್ಟೆ ಹಿಡಿದು ನಾಲ್ಕು ಹೆಜ್ಜೆ ಆಚೆ, ಗಾಡಿಯ ಮರೆಗೆ ಕರೆದುಕೊಂಡು ಹೋದ.

"ತಿಳೀತಿಲ್ಲ ಬಾವ. ಬಾಯಿ ಬೆಂದೋಗದೆ. ಎಲ್ಡೂ ಒಂದೇ ತರ ಉರೀತದೆ. ಏನು ಹೇಳ್ತೀರಿ ಈಗ?"

"ನಾನು ಹೇಳ್ತೀನಿ. ನೀನ್ಯಾಕೆ ಒದ್ದಾಡ್ತೀಯ?"

ಚಾಮಯ್ಯ ನೆಲ ನೋಡಿದ. "ಅಕ್ಕ ಒಂದಿನ ಉಪ್ಪೇ ಹಾಕ್ದೆ ಸಾರು ಇಕ್ಕಿದ್ಲಂತೆ. ನೀವು ಉಂಡು, ಚೆನ್ನಾಗದೆ ಅಂದ್ರಂತೆ. ಅವತ್ತೇ ಬಂದು ಅತ್ಲು ನಮ್ಮನೇಲಿ. ಮೊದ್ಲು ನೀನು ಕುಡ್ದು ಅವ್ರಿಗೆ ಕೇಳಂಗೆ ಹೇಳು, ಅವ್ರ ಹೆಸ್ರು ಉಳೀಲಿ ಅಂತ ಕಳ್ಸುದ್ಲು."

ಜವರಯ್ಯನಿಗೆ ಆ ಸಾರು ನೆನಪಾಯಿತು. ಅವಳು ಬಡಿಸಿ, ಒಲೆಯ ಕಡೆ ತಿರುಗಿ ಕೂತಿದ್ದಳು. ಬೆನ್ನು ಮಾತ್ರ ಕಾಣುತ್ತಿತ್ತು. ತಾನು ಎರಡನೆಯ ಸಲ ಹಾಕಿಸಿಕೊಂಡಿದ್ದ.

ಆಚೆಯಿಂದ ಕಂಠಪ್ಪ ಕೂಗಿದ. "ಏನಯ್ಯ, ಭಾವ ಬಾಮೈದನ ಗುಟ್ಟು ಮುಗೀತಾ?"

ಜವರಯ್ಯ ಹಿಂದಿರುಗಿ ಬಂದ. ಒಂದು ಗಡಿಗೆಯ ಮೇಲೆ ಬೆರಳು ತೋರಿಸಿದರೆ ಸಾಕಿತ್ತು. ಊಹೆಯಾದರೂ ಅರ್ಧಕ್ಕರ್ಧ ಸರಿಯಾಗಬಹುದಿತ್ತು. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಬೆರಳು ಯಾರ ಕಡೆ ತಿರುಗಿದರೆ ಯಾರ ಒಲೆ ಆರುತ್ತದೆ ಅನ್ನುವುದು ಅವನಿಗೆ ಹನ್ನೆರಡು ವರ್ಷದಿಂದ ಗೊತ್ತಿತ್ತು. ಹೋದ ವರ್ಷ ಮಾತ್ರ ಅದನ್ನು ಮರೆತಂತೆ ನಟಿಸಿದ್ದ. ದೊನ್ನೆ ತುಂಬಿಸಿಕೊಂಡು ಕುಡಿದ. ತಣ್ಣಗಿತ್ತು. ಎಂದಿನಂತೆ ಎಲ್ಲರೂ ಉಸಿರು ಹಿಡಿದರು. ಅವನು ಆ ಮೌನದಲ್ಲಿ ಎಷ್ಟು ಹೊತ್ತು ನಿಲ್ಲಬಹುದೋ ಅಷ್ಟು ಹೊತ್ತು ನಿಂತ.

"ನನ್ಗೆ ತಿಳಿಯಾಕಿಲ್ಲ ಯಜಮಾನ್ರೇ," ಅಂದ. "ಜ್ವರ ಬಂದ ವರ್ಷದಿಂದ್ಲೂ ತಿಳಿಯಾಕಿಲ್ಲ. ಈ ಸಲ ಬೊಟ್ಟು ಬಿದ್ದ ತೋಪೆಲ್ಲ ಇವನು ನೋಡಿದ್ದು. ಅವೆಲ್ಲ ಸರಿಯಾಗವೆ."

ಕಂಠಪ್ಪ ಕೋಟಿನ ಗುಂಡಿ ತಿರುವಿದ. "ಹಂಗಾದ್ರೆ ಪಿರಿಯಾಪಟ್ಟಣದ ಕೆಸರು ಮಳೇದಲ್ಲ," ಅಂದ ಕೊನೆಗೆ. ಆಮೇಲೆ ಚಾಮಯ್ಯನ ಕಡೆ ತಿರುಗಿ, "ನೀನು ಹೇಳಪ್ಪ," ಅಂದ.

"ಅವನ ಬಾಯಿ ಸುಟ್ಟದೆ," ಅಂದ ಜವರಯ್ಯ. "ನಾಕು ದಿನ ತಡೀರಿ. ವಾಸಿ ಆದ್ಮೇಲೆ ಬಂದು ಹೇಳ್ತಾನೆ."

ಸೊಂಟದ ಡಬ್ಬಿ ಬಿಚ್ಚಿ ಚಾಮಯ್ಯನ ಕೈಗಿಟ್ಟ. ಚಾಮಯ್ಯ ಬೇಡ ಅನ್ನುವಂತೆ ತಲೆಯಾಡಿಸಿದರೂ ಡಬ್ಬಿಯನ್ನು ಕೆಳಗೆ ಹಾಕಲಿಲ್ಲ.

ಹಿಂದಿರುಗುವಾಗ ಚಾಮಯ್ಯ ಮೂಕಿಯ ಮೇಲೆ, ಜವರಯ್ಯ ಹಿಂದೆ ಹುಲ್ಲಿನ ಮೇಲೆ. ಬೆನ್ನಿಗೆ ಬೆನ್ನು. ಹೊಳೆ ಮರೆಯಾಗಿ, ಹುರುಳಿ ಹೊಲಗಳು ಬಂದು ಹೋದವು. ಎತ್ತುಗಳು ತಮ್ಮ ಪಾಡಿಗೆ ನಡೆಯುತ್ತಿದ್ದವು. ಬಹಳ ದೂರ ಬಂದ ಮೇಲೆ ಚಾಮಯ್ಯ ಮುಂದೆ ನೋಡುತ್ತಲೇ ಕೇಳಿದ.

"ಬಾವ. ಎಲೆಗೆ ಹಚ್ಚಿದ್ದು ಈ ಡಬ್ಬಿ ಸುಣ್ಣಾನೇ ಅಲ್ವಾ?"

ಗಾಡಿಯ ಗಾಲಿ ಒಂದು ಕಲ್ಲು ಹತ್ತಿ ಇಳಿಯಿತು.

"ಹೂಂ," ಅಂದ ಜವರಯ್ಯ.

ಇನ್ನೊಂದು ಹೊಲ ಕಳೆಯಿತು. "ಅಕ್ಕುಂಗೆ ಹೇಳಾಕಿಲ್ಲ ಬುಡಿ," ಅಂದ ಚಾಮಯ್ಯ. ತುಸು ಹೊತ್ತಿಗೆ ಎತ್ತುಗಳ ಜೊತೆ ಮಾತು ಶುರುಮಾಡಿದ. ತೊದಲುತ್ತ, ನಾಲಿಗೆ ತಾಗಿದಾಗ ನಿಲ್ಲಿಸುತ್ತ. ಎತ್ತುಗಳು ಕಿವಿ ನಿಮಿರಿಸಿದವು.

ಜವರಯ್ಯ ಹುಲ್ಲಿನ ಮೇಲೆ ಕಣ್ಣು ಮುಚ್ಚಿ ಒರಗಿದ. ಚಾಮಯ್ಯ ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಇಳಿದು ಹೋಗಿದ್ದರೆ ಹಗ್ಗವಾದರೂ ತನ್ನ ಕೈಗೆ ಬರುತ್ತಿತ್ತು. ಡಬ್ಬಿ ಹೋಯಿತು, ದೊನ್ನೆ ಹೋಯಿತು. ಈಗ ಕ್ಷಮಿಸುವುದೂ ಚಾಮಯ್ಯನ ಪಾಲಿಗೇ ಬಿತ್ತು. ಹೊಟ್ಟೆಯೊಳಗಿನ ಆ ಹಳೆಯ ಕೆಂಡ ಇನ್ನೂ ಆರಿಲ್ಲದ್ದು ಅವನಿಗೆ ತಿಳಿಯಿತು. ಗಾಡಿ ಕುಲುಕಿದಾಗಲೆಲ್ಲ ಅದು ಬೂದಿ ಕೊಡವಿಕೊಂಡು ಸಣ್ಣಗೆ ಉರಿಯುತ್ತಿತ್ತು. ಊರು ಸೇರುವುದಕ್ಕೆ ಇನ್ನೂ ಎರಡು ದಿನದ ದಾರಿ ಇತ್ತು.